ಲೆಕ್ಕಕ್ಕೆ ಬಾರದ ರಜೆ

ವಸಂತವನ್ನು ಕುರಿತು ಕವಿಗಳು ಹೇಳಿರುವುದೆಲ್ಲ ಚೈತ್ರಕ್ಕೆ ಸಲ್ಲುವ ಮಾತು. ವೈಶಾಖವೂ ವಸಂತದ ಪಾಲಿಗೇ ಸೇರಿದ್ದೆಂದು ಪಂಚಾಂಗ ಒಪ್ಪಿದರೂ ಗೃಹಸ್ಥನ ನೆತ್ತಿ ಒಪ್ಪುವುದಿಲ್ಲ. ಕೋಗಿಲೆಯೇನೋ ಕೂಗುತ್ತಲೇ ಇರುತ್ತದೆ. ಅದನ್ನು ಕೇಳುವ ವ್ಯವಧಾನ ಯಾರಿಗಿದೆ?

ಮೈಸೂರಿನ ನಮ್ಮ ಮನೆಯನ್ನೇ ನೋಡಿ. ಏಪ್ರಿಲ್‌ನಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಮಕ್ಕಳಿಬ್ಬರ ಬಾಯಿ ತೆರೆಯುತ್ತದೆ. ಬೇಸಗೆಯ ಬಿಸಿಲು ವ್ಯರ್ಥವಾಗಬಾರದೆಂಬುದು ನಮ್ಮ ತಾಯಿಯವರ ಸಿದ್ಧಾಂತ. ಆದಕಾರಣ ಬೂದುಗುಂಬಳಕಾಯಿ ತುರಿದು, ಅರಳು ನೆನೆಸಿ ಹಿಂಡಿ, ಹಸಿಮೆಣಸಿನಕಾಯಿ ಅರೆದು ಬೆರಸಿ, ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡಬೇಕು. ಮಧ್ಯಾಹ್ನದವರೆಗೆ ಕಾಗೆಯನ್ನು ಕಾಯಬೇಕು, ಮಧ್ಯಾಹ್ನದ ಮೇಲೆ ಮೋಡವನ್ನು ಕಾಯಬೇಕು. ಇತ್ತ ಮಾವಿನಕಾಯಿ ಹೆಚ್ಚಿ ಉಪ್ಪಿನಕಾಯಿಯ ಜಾಡಿ ತುಂಬಬೇಕು. ಇದರ ನಡುವೆ ವಾರಕ್ಕೆರಡು ಲಗ್ನಪತ್ರಿಕೆ, ರಜೆಗೆಂದು ಬರುವ ನೆಂಟರು. ಇವೆಲ್ಲವನ್ನೂ ಮಾಡುವವಳು ನನ್ನಾಕೆ. ನನಗೆ ಬಿಡುವೆಲ್ಲಿ? ಉತ್ತರಪತ್ರಿಕೆಗಳ ಮೌಲ್ಯಮಾಪನವಿರುತ್ತದಲ್ಲ! ಪಂಪನನ್ನು ವಿಜಯನಗರದ ಆಸ್ಥಾನಕ್ಕೆ ಕಳುಹಿಸಿದವನಿಗೂ ಎಷ್ಟು ಅಂಕ ಕೊಡಬಹುದೆಂದು ಚಿಂತಿಸುವುದು ಸಾಮಾನ್ಯ ಶ್ರಮವಲ್ಲ.

ಇಂಥ ದಿನಗಳಲ್ಲೇ ಒಂದು ಸಂಜೆ ಹಾಸನದಿಂದ ಹಳೆಯ ಗೆಳೆಯನೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಮಾನಸಗಂಗೋತ್ರಿಯ ವಿದ್ಯಾರ್ಥಿನಿಲಯದಲ್ಲಿ ನಾವು ನಾಲ್ವರು ಜೊತೆಗಿದ್ದವರು. ಬಿಟ್ಟುಹೋಗುವ ದಿನ, ವರ್ಷಕ್ಕೊಮ್ಮೆ ಕೂಡೋಣವೆಂದು ಮಾತು ಕೊಟ್ಟುಕೊಂಡಿದ್ದೆವು. ಒಬ್ಬ ಹಾಸನದಲ್ಲಿ ಮೇಷ್ಟರಾದ, ಒಬ್ಬ ಮಂಡ್ಯದಲ್ಲಿ ಕಬ್ಬು ಬೆಳೆಯತೊಡಗಿದ, ಮತ್ತೊಬ್ಬ ಬೆಂಗಳೂರಿನಲ್ಲಿ ಗಣಕಯಂತ್ರದ ಮುಂದೆ ಕುಳಿತ. ಕೊಟ್ಟ ಮಾತು ಹನ್ನೆರಡು ವರ್ಷಗಳಲ್ಲಿ ಮೂರು ಸಲ ಮಾತ್ರ ನಡೆದಿತ್ತು. “ಈ ಭಾನುವಾರ ಮೇಲುಕೋಟೆ. ನೆಪ ಹೇಳಕೂಡದು” ಎಂದ ಮೇಷ್ಟರು.

ಹಿಂಜರಿಯುತ್ತ ವಿಷಯವನ್ನು ಮನೆಯಲ್ಲಿ ಅರುಹಿದೆ. ಒಂದೇ ಮಾತು: “ಹೋಗಿಬನ್ನಿ.” ಭಾನುವಾರ ನಾನೇಳುವ ವೇಳೆಗೆ ಬುತ್ತಿ ಸಿದ್ಧವಾಗಿತ್ತು. ಮುಚ್ಚಳ ತೆಗೆದರೆ ಮೊಸರನ್ನ, ಹೊಸ ಉಪ್ಪಿನಕಾಯಿ. “ಮೇಲುಕೋಟೆಗೆ ಪುಳಿಯೋಗರೆ ಕಟ್ಟಿಕೊಡುವ ಧೈರ್ಯ ನನಗಿಲ್ಲ” ಎಂದಳು.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ, ಪಾಂಡವಪುರವನ್ನು ಹಾದು, ಜಕ್ಕನಹಳ್ಳಿಯ ಬಳಿ ತಿರುಗಿದರೆ ಬಂಡೆಗಳ ನಡುವೆ ದಾರಿ ಏರತೊಡಗುತ್ತದೆ. ವೈರಮುಡಿಯ ಜನಸಂದಣಿ ಕರಗಿ ವಾರಗಳಾಗಿದ್ದುದರಿಂದ ಊರು ತನ್ನ ಪಾಡಿಗೆ ತಾನಿತ್ತು. ಯೋಗನರಸಿಂಹನ ಬೆಟ್ಟದ ಮುನ್ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹಿಂದೊಮ್ಮೆ ಪಂದ್ಯ ಕಟ್ಟಿ ಹತ್ತಿದವರು ನಾವು. ಈ ಸಲ ಅಲ್ಲಲ್ಲಿ ನಿಂತು ಪ್ರಕೃತಿಸೌಂದರ್ಯವನ್ನು ನೋಡಿದೆವು. ಏದುಸಿರನ್ನು ಮುಚ್ಚಿಡಲು ಪ್ರಕೃತಿಸೌಂದರ್ಯಕ್ಕಿಂತ ಉತ್ತಮವಾದ ಸಾಧನ ಬೇರೊಂದಿಲ್ಲ.

ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಕಲ್ಯಾಣಿ, ಅದರಾಚೆ ಚೆಲುವನಾರಾಯಣನ ಗುಡಿ, ಹೆಂಚಿನ ಮನೆಗಳ ಸಾಲು. ಪು.ತಿ.ನ. (1905–1998) ಹುಟ್ಟಿದ ಊರೆಂದು ನಾನು ಉಪನ್ಯಾಸಕ್ಕೆ ತೊಡಗಿದೆ. “ಅಂಕ ಕೊಡುವುದಾದರೆ ಕೇಳುತ್ತೇವೆ” ಎಂದು ಕಬ್ಬಿನ ಗೆಳೆಯ ಬಾಯಿ ಮುಚ್ಚಿಸಿದ. ಸಾಲ, ರಕ್ತದೊತ್ತಡ, ಮಕ್ಕಳ ಶುಲ್ಕ ಎಲ್ಲವೂ ಮಾತಿಗೆ ಬಂದವು. ಆದರೂ ನಕ್ಕೆವು. ಕಾರಣ ಕೇಳದೆ ನಗಲು ಬರುವುದು ಹಳೆಯ ಗೆಳೆಯರ ನಡುವೆ ಮಾತ್ರ. ಹತ್ತು ವರ್ಷದ ಧೂಳು ಒಂದು ಮಧ್ಯಾಹ್ನದಲ್ಲಿ ಉದುರಿಹೋಗುತ್ತದೆ.

ಸಂಜೆ ಅಕ್ಕ-ತಂಗಿಯರ ಕೊಳಗಳ ಬಳಿ ಕುಳಿತಿದ್ದಾಗ ಮೇಷ್ಟರು ತಾನು ಕೇಳಿದ್ದ ಕಥೆಯೊಂದನ್ನು ಹೇಳಿದ. ಸೋದರಿಯರಿಬ್ಬರು ಪಕ್ಕಪಕ್ಕದಲ್ಲಿ ಕೊಳ ಕಟ್ಟಿಸಿದರಂತೆ. ಒಬ್ಬಳು ಕಾಸುಕಾಸಿಗೂ ಲೆಕ್ಕವಿಟ್ಟಳು, ಇನ್ನೊಬ್ಬಳು ಲೆಕ್ಕವಿಡದೆ ಸುರಿದಳು. ಲೆಕ್ಕವಿಟ್ಟವಳ ಕೊಳದ ನೀರು ಬಾಯಿಗೆ ಸಲ್ಲದಾಯಿತು, ಲೆಕ್ಕವಿಡದವಳದು ಸಿಹಿಯಾಯಿತು. “ನಮ್ಮ ಮನೆಯವಳೂ ಹಾಗೆಯೇ, ಎಷ್ಟು ಮಾಡಿದರೂ ಲೆಕ್ಕವಿಡುವುದಿಲ್ಲ” ಎಂದ ಬೆಂಗಳೂರಿನವನು. ನಾಲ್ವರೂ ಒಮ್ಮತದಿಂದ ತಲೆದೂಗಿದೆವು. ನನ್ನ ಕಣ್ಣು ಸ್ವಲ್ಪ ತೇವವಾಯಿತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ರಾತ್ರಿ ಪುಳಿಯೋಗರೆಯ ಪೊಟ್ಟಣದೊಡನೆ ಮನೆ ಸೇರಿದೆ. ಬುತ್ತಿಯ ಡಬ್ಬಿ ತೊಳೆಯುತ್ತಿದ್ದವಳ ಬಳಿ ನಿಂತು, ದೊಡ್ಡ ಪ್ರಶಸ್ತಿಯನ್ನು ಪ್ರದಾನ ಮಾಡುವವನಂತೆ ಕಥೆಯನ್ನೂ ಅದರ ತಾತ್ಪರ್ಯವನ್ನೂ ಹೇಳಿದೆ. ಆಕೆ ತಿರುಗಿ ನೋಡಲಿಲ್ಲ.

“ಲೆಕ್ಕವಿಟ್ಟಿಲ್ಲವೆಂದು ನಿಮಗೆ ಯಾರು ಹೇಳಿದರು?”

ನನ್ನಾಕೆ ವಾಣಿಜ್ಯಶಾಸ್ತ್ರದ ಪದವೀಧರೆ ಎಂಬುದು ನನಗೆ ಆಗ ನೆನಪಾಯಿತು.

“ಮದುವೆಯಾಗಿ ಹತ್ತು ವರ್ಷ. ನೀವು ಗೆಳೆಯರೊಡನೆ ಹೋದದ್ದು ಇದು ಮೂರನೆಯ ಸಲ. ನಮ್ಮ ತರಗತಿಯ ನಾವು ಐವರೂ ಹೀಗೆಯೇ ಚಾಮುಂಡಿಬೆಟ್ಟದ ನಂದಿಯ ಬಳಿ ಕುಳಿತು ಮಾತು ಕೊಟ್ಟುಕೊಂಡಿದ್ದೆವು. ಕೂಡಿದ್ದು ಒಂದು ಸಲ. ಅದೂ ಒಬ್ಬಳ ತಾಯಿ ತೀರಿಕೊಂಡಾಗ.”

“ನಾನು ಬೇಡವೆಂದೆನೆ?”

“ಬೇಡವೆನ್ನಲಿಲ್ಲ. ಹೋಗಿ ಬಾ ಎಂದೂ ಎನ್ನಲಿಲ್ಲ. 2023ರ ಜೂನ್‌ನಲ್ಲಿ ಸರ್ಕಾರ ಹೆಂಗಸರಿಗೆ ಬಸ್ಸಿನ ಹಣ ಬೇಡವೆಂದಿತು. ಟಿಕೀಟು ಕೇಳುವುದು ಬಸ್ಸಲ್ಲ, ಮನೆ.”

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾದ ಹೂಡಬಹುದಿತ್ತು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕೊಳದ ಮೆಟ್ಟಿಲ ಮೇಲೆ ನಾವು ನಾಲ್ವರು ಗಂಡಸರು ತಲೆದೂಗಿದ್ದು ಕಣ್ಣಿಗೆ ಕಟ್ಟಿತು. ಕೊಡುವವಳು ಲೆಕ್ಕವಿಡುವುದಿಲ್ಲವೆಂದು ಹೊಗಳುವುದು ಸಾಲಗಾರನಿಗೆ ಎಷ್ಟು ಅನುಕೂಲ! ನಾನು ಮೆಟ್ಟಿಲು ಹತ್ತುತ್ತಿದ್ದಾಗ ನನ್ನ ಮನೆಯ ಮಹಡಿಯ ಮೇಲೆ ಕಾಗೆ ಓಡಿಸುತ್ತಿದ್ದವರು ಯಾರೆಂದು ಬೆಟ್ಟದ ತುದಿಯಲ್ಲಿ ನಮ್ಮಲ್ಲೊಬ್ಬರೂ ಕೇಳಿಕೊಂಡಿರಲಿಲ್ಲ.

ಮರುದಿನ ನಾನೇ ಪಂಚಾಂಗ ತೆಗೆದು ಮುಂದಿನ ಭಾನುವಾರವನ್ನು ತೋರಿಸಿದೆ. ಅತ್ತೆಯವರ ಮುಖವನ್ನು ಆಕೆ ನೋಡಿದಳು. “ಹೋಗಿ ಬಾರಮ್ಮ, ನನಗಂತೂ ಹೀಗೆ ಯಾರೂ ಹೇಳಲಿಲ್ಲ” ಎಂದರು ನಮ್ಮ ತಾಯಿ. ನಾನು ಇನ್ನೊಂದು ಸಾಲದ ಪತ್ರವನ್ನೂ ಓದಿದಂತಾಯಿತು.

ಐವರಲ್ಲಿ ನಾಲ್ವರು ಬಂದರು. ಬೆಳಗ್ಗೆ ಆರರ ಬಸ್ಸಿಗೆ ಸೋಮನಾಥಪುರದ ಕಡೆಗೆ ಹೊರಟರು. ಸಂಡಿಗೆಯ ಕಾವಲು ನನಗೆ ಬಂತು. ಉತ್ತರಪತ್ರಿಕೆಗಳ ಕಟ್ಟನ್ನು ಜೊತೆಗೇ ಒಯ್ದು, ಕೊಡೆ ಬಿಡಿಸಿ ಕುಳಿತೆ. ಒಂದು ಪತ್ರಿಕೆಯಲ್ಲಿ ಹರಿಶ್ಚಂದ್ರನನ್ನು ಹುಡುಕುವಷ್ಟರಲ್ಲಿ ಕಾಗೆಗಳು ಎರಡು ಸಾಲು ಮುಗಿಸಿದ್ದವು. ಮೂರು ಗಂಟೆಗೆ ಬಂದ ಮಳೆ ಉಳಿದುದರ ಅರ್ಧವನ್ನು ತೋಯಿಸಿತು.

ಸಂಜೆ ಬೀದಿಯ ತಿರುವಿನಲ್ಲಿ ಗೆಳತಿಯರು ಬೀಳ್ಕೊಡುತ್ತಿದ್ದ ಸದ್ದು ಕೇಳಿಸಿತು. ಅದರಲ್ಲಿ ಒಂದು ನಗು ಎಲ್ಲಕ್ಕಿಂತ ಮೇಲೆ ಎದ್ದಿತು. ಅದು ನನ್ನಾಕೆಯದೆಂದು ಗುರುತಿಸಲು ನನಗೆ ಕೊಂಚ ಹೊತ್ತು ಹಿಡಿಯಿತು. ನಾಚಿಕೆಯಾದದ್ದು ಅದಕ್ಕೆ.

ಒಳಗೆ ಬಂದವಳು ಮಹಡಿಗೆ ಹೋಗಿ, ಒದ್ದೆಯಾದ ಪಂಚೆಯನ್ನೂ ಖಾಲಿಯಾದ ಸಾಲುಗಳನ್ನೂ ನೋಡಿದಳು. ಏನೂ ಹೇಳಲಿಲ್ಲ. ಇದೂ ಲೆಕ್ಕಕ್ಕೆ ಸೇರಿತೆಂದು ತೋರುತ್ತದೆ.