ಎದೆಯೊಳಗಿನ ಯಂತ್ರಕ್ಕೆ ಕನ್ನಡ ಬೇಡವೇ?

ಗಾವಡಗೆರೆಯ ನಮ್ಮ ಬಂಧುವೊಬ್ಬರು ಎದೆಯಲ್ಲಿ ಯಂತ್ರ ಇಡಿಸಿಕೊಂಡು ಊರಿಗೆ ಬಂದರು. ಹೊಗೆಸೊಪ್ಪು ಬೆಳೆಯುವ ರೈತ. ಕೈಯಲ್ಲಿ ಒಂದು ಕಾರ್ಡು, ಒಂದು ಪುಸ್ತಿಕೆ, ನಾಲ್ಕು ಹಾಳೆ. ಎಲ್ಲವೂ ಇಂಗ್ಲಿಷ್! "ಇದ್ರಲ್ಲಿ ಏನ್ ಬರ್ದವ್ರೆ, ಸ್ವಲ್ಪ ಓದಪ್ಪ" ಎಂದರು. ಓದುತ್ತ ಹೋದಂತೆ ನಮ್ಮ ಎದೆಯೇ ನಡುಗಿತು.

ಮೊಬೈಲನ್ನು ಯಂತ್ರದಿಂದ 15 ಸೆಂ.ಮೀ. ದೂರವಿಡಿ ಎಂದಿತ್ತು. ಅವರ ಮೊಬೈಲು ಅದೇ ಪಕ್ಕದ ಅಂಗಿ ಜೇಬಿನಲ್ಲಿತ್ತು! ವೆಲ್ಡಿಂಗ್ ಹತ್ತಿರ ಹೋಗಬೇಡಿ, ವಿದ್ಯುತ್ ಬೇಲಿ ಮುಟ್ಟಬೇಡಿ ಎಂದಿತ್ತು. ಹನಗೋಡು ಕಡೆಯ ಕಾಡಂಚಿನಲ್ಲಿ ಆನೆ ತಡೆಯಲು ಸೋಲಾರ್ ಬೇಲಿ ಹಾಕಿಕೊಂಡವರಿಗೆ ಇದು ಸಣ್ಣ ಮಾತೇ? ಎರಡು ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದರೆ, ಕಾಲು ಊದಿದರೆ ಕೂಡಲೇ ಬನ್ನಿ ಎಂದಿತ್ತು. ಯಾರಿಗೆ ಗೊತ್ತು, ಸ್ವಾಮಿ?

ಹೃದಯ ಸೋತ ಕೆಲವರಲ್ಲಿ ಅದರ ಎಡಬಲ ಕೋಣೆಗಳ ಬಡಿತ ತಾಳ ತಪ್ಪುತ್ತದೆ. ಸಾಮಾನ್ಯವಾಗಿ ಮೂರು ತಂತಿಗಳ ಮೂಲಕ ಆ ತಾಳವನ್ನು ಮತ್ತೆ ಕೂಡಿಸುವುದೇ ಈ ಯಂತ್ರದ ಕೆಲಸ. ಸಿ.ಆರ್.ಟಿ. ಎನ್ನುತ್ತಾರೆ. ಹೃದಯ ಸೋತರೆ ರಕ್ತನಾಳದ ಒಳಪದರವೂ ಸೊರಗುತ್ತದೆ, ನಾಳ ಬೇಕಾದಷ್ಟು ಹಿಗ್ಗುವುದಿಲ್ಲ. ಯಂತ್ರ ಫಲಿಸಿದವರಲ್ಲಿ ನಾಳವೂ ಚೇತರಿಸಿಕೊಂಡದ್ದನ್ನು ವೈದ್ಯರು ಕಂಡಿದ್ದಾರೆ. ಆದರೆ ಬೀಡಿ ಬಿಡದೆ, ಉಪ್ಪು ಕಡಿಮೆ ಮಾಡದೆ, ಮಾತ್ರೆ ತಪ್ಪಿಸಿದರೆ ಯಂತ್ರವೊಂದೇ ಏನು ಮಾಡೀತು? ಅರ್ಧ ಚಿಕಿತ್ಸೆ ಆಸ್ಪತ್ರೆಯಲ್ಲಿ, ಉಳಿದರ್ಧ ಮನೆಯಲ್ಲಿ. ಮನೆಯ ಅರ್ಧ ನಡೆಯುವುದು ಕನ್ನಡದಲ್ಲಿ!

1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲಿಗ. ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡು 2001ರವರೆಗೆ ಬದುಕಿದ. ಯಂತ್ರದೊಡನೆ ಬದುಕುವುದೆಂದರೆ ಒಂದು ದಿನದ ಆಪರೇಷನ್ ಅಲ್ಲ, ಜೀವಮಾನದ ಎಚ್ಚರ. ಆ ಎಚ್ಚರವನ್ನು ತಿಳಿಯದ ಭಾಷೆಯಲ್ಲಿ ಕೊಟ್ಟರೆ ಕೊಟ್ಟಂತಾಯಿತೇ?

ಕನ್ನಡದಲ್ಲಿ ಪದಗಳಿಲ್ಲ ಎಂಬ ಹಳೆಯ ರಾಗ ಬೇಡ. ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದು ವೈದ್ಯವಿಜ್ಞಾನವನ್ನು ಮನೆಮನೆಗೆ ಮುಟ್ಟಿಸಲಿಲ್ಲವೇ? ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ ಬಂದದ್ದು 1963ರಲ್ಲಿ. ಕಚೇರಿಯ ಕಡತಕ್ಕೆ ಬೇಕಾದ ಕನ್ನಡ ರೋಗಿಯ ಎದೆಗೆ ಬೇಡವೇ?

ವೈದ್ಯರ ಕೈಗುಣಕ್ಕೆ ನಾವು ಕೈಮುಗಿಯುತ್ತೇವೆ. ಜಗಳ ಅವರೊಡನೆ ಅಲ್ಲ. ನಾವು ಕೇಳುವುದು ಇಷ್ಟೇ: ರುಜು ಹಾಕಿಸುವ ಒಪ್ಪಿಗೆ ಪತ್ರ, ಬಿಡುಗಡೆ ಚೀಟಿ, ಯಂತ್ರದ ಕಾರ್ಡು, ಎಚ್ಚರಿಕೆಯ ಪುಸ್ತಿಕೆ ಈ ನಾಲ್ಕೂ ಕನ್ನಡದಲ್ಲೂ ಇರಲಿ. ಲಕ್ಷಾಂತರ ರೂಪಾಯಿಯ ಯಂತ್ರ ಮಾರುವ ಕಂಪನಿಗೆ ನಾಲ್ಕು ಪುಟ ಕನ್ನಡ ಅಚ್ಚು ಹಾಕಿಸುವುದು ಭಾರವೇ?

ಕನ್ನಡಿಗರೇ, ಮುಂದಿನ ಸಲ ಆಸ್ಪತ್ರೆಯಲ್ಲಿ ರುಜು ಹಾಕುವ ಮುನ್ನ ಕೇಳಿ: "ಕನ್ನಡದ ಪ್ರತಿ ಎಲ್ಲಿ?" ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ!