ಹಲಗೆಯ ಮೇಲಿನ ಪೀಠಿಕೆ

ಬೋಧನಾಭ್ಯಾಸದ ಎರಡನೇ ವಾರ. ಹೆಬ್ಬಾಳದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕರು ರಜೆಯಲ್ಲಿದ್ದರು. ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನಗೆ ಒಂಬತ್ತನೇ ತರಗತಿಯ ಬದಲಿ ಅವಧಿ ಬಿತ್ತು. ಪ್ರಬಂಧದ ವಿಷಯ: ‘ಐತಿಹಾಸಿಕ ಸ್ಮಾರಕಗಳ ಸಂರಕ್ಷಣೆ’. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳಿಗೆ ಸುಲಭವಾಗಲೆಂದು ಪೀಠಿಕೆಯ ಮೊದಲ ವಾಕ್ಯವನ್ನೂ ನಾನೇ ಕೊಟ್ಟೆ: “ಭಾರತವು ಭವ್ಯ ಪರಂಪರೆಯುಳ್ಳ ದೇಶ.” ನಾನು ಶಾಲೆಯಲ್ಲಿ ಬರೆಯುತ್ತಿದ್ದುದೂ ಇದನ್ನೇ, ಕೆರೆಗೂ ಕ್ರೀಡೆಗೂ ಅದು ಒಗ್ಗುತ್ತಿತ್ತು.

ಇಡೀ ತರಗತಿ ಹಾಗೆಯೇ ಬರೆಯಿತು, ಒಬ್ಬ ಹುಡುಗನನ್ನು ಬಿಟ್ಟು. ಅವನ ಆರಂಭ: “ನಮ್ಮ ಹೆಬ್ಬಾಳದಲ್ಲಿ ಒಂದು ಹಳೇ ಕಲ್ಲು ಇದೆ. ಚರಂಡಿಗೆ ಅಗೆಯುವಾಗ ಸಿಕ್ಕಿತಂತೆ.” ನಾನು ಕೆಂಪು ಶಾಯಿಯಲ್ಲಿ ‘ಪೀಠಿಕೆ ಇಲ್ಲ’ ಎಂದು ಬರೆದು ಒಂದು ಅಂಕ ಕಳೆದೆ.

ಆ ಕಲ್ಲು 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಎಂದು ಆಮೇಲೆ ತಿಳಿಯಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಶಾಸನ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸುವುದಕ್ಕೆ ಏಳುನೂರಕ್ಕೂ ಹೆಚ್ಚು ವರ್ಷ ಮೊದಲಿನದು. ದಿನವೂ ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುವ ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ನಮ್ಮ ಪಾಠಯೋಜನೆಗೂ ಪೀಠಿಕೆ ಇದೆಯಲ್ಲ? ಮಗುವಿನ ಪೂರ್ವಜ್ಞಾನದಿಂದ ಹೊರಟು, ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂದು ಸೂಕ್ಷ್ಮಬೋಧನೆಯಲ್ಲಿ ನಮ್ಮನ್ನು ತಿದ್ದಿ ತಿದ್ದಿ ತಯಾರು ಮಾಡುತ್ತಾರೆ. ಬೆಳಕಿನ ವಕ್ರೀಭವನಕ್ಕೆ ನೀರಿನ ಲೋಟದೊಳಗಿನ ಪೆನ್ಸಿಲ್ ತೋರಿಸುವ ನಾನು, ಅದೇ ಮಗು ತನ್ನ ಕೇರಿಯ ಕಲ್ಲಿನಿಂದ ಹೊರಟರೆ ಅಂಕ ಕಳೆಯುತ್ತೇನೆ!

ಏನೂ ಬರೆಯಲಾಗದ ಮಗುವಿಗೆ ಸಿದ್ಧ ವಾಕ್ಯವೇ ಆಸರೆ ಎಂದು ಹಿರಿಯ ಶಿಕ್ಷಕಿಯೊಬ್ಬರು ಹೇಳಿದರು. ಪರೀಕ್ಷೆಯ ಭಯ ಬಲ್ಲ ನಾನು ಅದನ್ನು ತಳ್ಳಿಹಾಕಲಾರೆ. ಆದರೆ ಆಸರೆಗೆ ವಾಕ್ಯವೇ ಏಕೆ ಬೇಕು, ಪ್ರಶ್ನೆ ಸಾಲದೇ? ‘ಇಂಥದ್ದನ್ನು ನೀನು ಎಲ್ಲಿ ಕಂಡಿದ್ದೀಯ? ಈಗ ಅದು ಹೇಗಿದೆ?’ ಎಂದು ಕೇಳಿದರೆ ಎರಡು ಸಾಲಾದರೂ ಅವರದೇ ಆಗಿ ಬರುತ್ತವೆ. ಆ ಹುಡುಗನ ಪೀಠಿಕೆಯಲ್ಲೂ ಕೊರತೆಯಿತ್ತು: ಕಲ್ಲಿನಿಂದ ಸಂರಕ್ಷಣೆಯ ಮಾತಿಗೆ ದಾಟಿಸುವ ಒಂದು ವಾಕ್ಯ ಇರಲಿಲ್ಲ. ನಾನು ಕಲಿಸಬೇಕಾಗಿದ್ದದ್ದು ಅಷ್ಟೇ.

ಮರುವಾರ ಪುಸ್ತಕ ವಾಪಸ್ ಕೇಳಿ, ಅಂಕ ತಿದ್ದಿದೆ. “ಹಂಗಾದ್ರೆ ಮಿಸ್, ಪರೀಕ್ಷೇಲೂ ಕಲ್ಲಿಂದಾನೇ ಶುರು ಮಾಡ್ಲಾ?” ಎಂದ. ಮಾಡು ಎಂದೆ. ಮೌಲ್ಯಮಾಪನ ಮಾಡುವವರು ಯಾರೋ, ನನಗೇನು ಗೊತ್ತು.