ಮಾಂಡವ್ಯನ ಶಾಪವೂ ಶಾಲೆಯ ಛಡಿಯೂ

ಮಹಾಭಾರತದ ಆದಿಪರ್ವದಲ್ಲಿ ಅಣಿಮಾಂಡವ್ಯನ ಉಪಾಖ್ಯಾನವಿದೆ. ರಾಜಭಟರಿಗೆ ಹೆದರಿದ ಕಳ್ಳರು ಕದ್ದ ಒಡವೆಯನ್ನು ಆ ಮುನಿಯ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಲ್ಲಿಯೇ ಅಡಗಿದರು. ಬೆನ್ನಟ್ಟಿ ಬಂದ ಭಟರು ಕೇಳಿದಾಗ ಮೌನವ್ರತಸ್ಥನಾದ ಮುನಿಯು ಮಾತಾಡಲಿಲ್ಲ. ಮಾತಾಡದವನು ತಪ್ಪಿತಸ್ಥನೇ ಸರಿಯೆಂದು ಬಗೆದು ಅವರು ಅವನನ್ನೂ ಕಳ್ಳರೊಡನೆ ಹಿಡಿದೊಯ್ದರು, ಅರಸನು ಶೂಲಕ್ಕೇರಿಸಿದನು. ಶೂಲದ ಮೇಲೆಯೂ ಜೀವ ಹೋಗದೆ ಉಳಿದ ಮಾಂಡವ್ಯನು ಮುಂದೆ ಧರ್ಮನ ಸಭೆಗೇ ಹೋಗಿ, ತನಗೆ ಈ ದಂಡನೆ ಏಕೆ ಬಂದಿತೆಂದು ಕೇಳಿದನು. ಬಾಲ್ಯದಲ್ಲಿ ಪತಂಗಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದುದರ ಫಲವಿದೆಂದು ಧರ್ಮನು ಉತ್ತರವಿತ್ತನು. ಅಲ್ಪಾಪರಾಧಕ್ಕೆ ಮಹಾದಂಡವನ್ನು ವಿಧಿಸಿದ ಆ ನ್ಯಾಯಾಧೀಶನನ್ನೇ ಶಪಿಸಿ ಅವನು ವಿದುರನಾಗಿ ಭೂಮಿಯಲ್ಲಿ ಹುಟ್ಟುವಂತೆ ಮಾಡಿದ ಮಾಂಡವ್ಯನು, 14 ವರ್ಷದವರೆಗೆ ಬಾಲಕರು ಮಾಡಿದುದು ಪಾಪವೆಂದು ಎಣಿಕೆಗೆ ಬರಕೂಡದೆಂಬ ಮೇರೆಯನ್ನೂ ಲೋಕಕ್ಕೆ ಹಾಕಿಕೊಟ್ಟನು.

ಈ ಕಥೆಯನ್ನು ಪುರಾಣಪ್ರವಚನದಲ್ಲಿ ಕೇಳಿ ತಲೆದೂಗುವ ಸಜ್ಜನರೇ ಮನೆಗೆ ಬಂದು ವೃತ್ತಪತ್ರಿಕೆಯನ್ನು ಬಿಡಿಸಿ, ಹದಿನಾರು ವರ್ಷದ ಹುಡುಗನೊಬ್ಬನು ಮೋಟಾರ ಸೈಕಲ್ಲು ಕದ್ದನೆಂಬ ಸುದ್ದಿಯನ್ನೋದಿ, “ಶಾಲೆಯಲ್ಲಿ ಛಡಿ ಹೋಯಿತು, ಅದಕ್ಕೇ ಹೀಗಾಯಿತು” ಎಂದು ನಿಟ್ಟುಸಿರುಬಿಡುತ್ತಾರೆ. ಬೆಳಗಾವಿಯ ಚಹದ ಮೇಜುಗಳಲ್ಲಿ ಈ ವಾಕ್ಯವು ಸಿದ್ಧಾಂತವಾಗಿ ಹೋಗಿದೆ. ಛಡಿಯ ಸದ್ದಿಗೆ ವಿದ್ಯೆಯು ಓಡಿಬರುವುದೆಂಬ ಮರಾಠೀ ನಾಣ್ಣುಡಿಯೂ, ಐದು ವರ್ಷ ಮುದ್ದಿಸಿ ಹತ್ತು ವರ್ಷ ಹೊಡೆಯಬೇಕೆಂಬ ಸಂಸ್ಕೃತ ಸುಭಾಷಿತವೂ ಇದಕ್ಕೆ ಪ್ರಮಾಣವಾಗಿ ಬರುತ್ತವೆ. ಸುಭಾಷಿತವು ಶಾಸ್ತ್ರವಲ್ಲವೆಂಬುದನ್ನು ಪಾಠಶಾಲೆಯ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲನು. ಶಾಸ್ತ್ರವನ್ನೇ ಕೇಳುವುದಾದರೆ ಗೌತಮ ಧರ್ಮಸೂತ್ರವು ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕೆಂದು ಹೇಳುತ್ತದೆ. ತೀರ ಆಗದಿದ್ದರೆ ತೆಳುವಾದ ಹಗ್ಗ ಅಥವಾ ಬಿದಿರಸೀಳು. ಅದನ್ನು ಮೀರಿ ಬೇರೆ ಯಾವುದರಿಂದ ಹೊಡೆದರೂ ಆ ಗುರುವನ್ನು ಅರಸನು ದಂಡಿಸತಕ್ಕದ್ದು. ಮನುವೂ ತಾಡನವನ್ನು ಒಪ್ಪಿದವನೇ. ಆದರೂ ಬೆನ್ನಿನ ಹೊರತು ಬೇರೆಡೆ ಹೊಡೆದವನಿಗೆ ಕಳ್ಳನ ಪಾಪವನ್ನು ಹಚ್ಚುತ್ತಾನೆ. ಅಂದರೆ ಕೆನ್ನೆಗೆ ಹೊಡೆದ ಮಾಸ್ತರನೇ ಆ ಲೆಕ್ಕದಲ್ಲಿ ಕಳ್ಳನು.

ಇನ್ನು ‘ಶಿಕ್ಷೆ’ ಎಂಬ ಶಬ್ದದ ಪಾಡನ್ನು ನೋಡಬೇಕು. ಧಾತುಪಾಠದಲ್ಲಿ ಈ ಧಾತುವಿಗೆ ವಿದ್ಯೆಯನ್ನು ಪಡೆಯುವುದೆಂದೇ ಅರ್ಥ. ವೇದಾಂಗಗಳಲ್ಲಿ ಮೊದಲನೆಯದಾದ ಶಿಕ್ಷೆಯು ಉಚ್ಚಾರಣಶಾಸ್ತ್ರವು. ದಂಡನೆಗೆ ಸಂಸ್ಕೃತದಲ್ಲಿ ದಂಡವೆಂಬ ಬೇರೆ ಶಬ್ದವೇ ಇದೆ. ಕನ್ನಡ ಮರಾಠಿಗಳಲ್ಲಿ ಮಾತ್ರ ಇವೆರಡೂ ಕೂಡಿಹೋಗಿ, ಶಾಲೆಯಲ್ಲಿ ದೊರೆಯುವುದೂ ಸೆರೆಮನೆಯಲ್ಲಿ ದೊರೆಯುವುದೂ ಒಂದೇ ಹೆಸರಿನಿಂದ ಕರೆಯಿಸಿಕೊಳ್ಳುತ್ತಿವೆ. ಭಾಷೆಯು ಸುಮ್ಮನೆ ಹೀಗೆ ಮಾಡುವುದಿಲ್ಲ.

ಕಾಯದೆಯಂತೂ ಸ್ಪಷ್ಟವಾಗಿದೆ. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಅಧಿನಿಯಮದ 17ನೆಯ ಕಲಮು ಮಗುವಿನ ಮೈಗೂ ಮನಸ್ಸಿಗೂ ಹಿಂಸೆ ಮಾಡುವುದನ್ನು ನಿಷೇಧಿಸಿದೆ. 16ನೆಯ ಕಲಮು ಎಂಟನೆಯ ಇಯತ್ತೆ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆನ್ನುತ್ತದೆ. 2019ರ ತಿದ್ದುಪಡಿಯು ಐದನೆಯ ಮತ್ತು ಎಂಟನೆಯ ಇಯತ್ತೆಗಳಲ್ಲಿ ನಪಾಸು ಮಾಡಲು ಎಡೆಗೊಟ್ಟರೂ ಹೊರಹಾಕಲು ಎಡೆಗೊಡಲಿಲ್ಲ. ಹಾಗಾದರೆ ಮಕ್ಕಳು ಹೊರಬೀಳುವುದು ಹೇಗೆ? ಅಮೆರಿಕ ದೇಶದಲ್ಲಿ 1990ರ ದಶಕದಿಂದ ಸಣ್ಣ ತಪ್ಪಿಗೂ ಕ್ಷಮೆಯಿಲ್ಲವೆಂಬ ನಿಯಮವನ್ನು ಮಾಡಿ, ಶಾಲೆಯ ಅಂಗಳದಲ್ಲಿಯೇ ಪೋಲೀಸರನ್ನು ನಿಲ್ಲಿಸಿ, ಮಕ್ಕಳನ್ನು ಲಿಖಿತ ಆಜ್ಞೆಯ ಮೂಲಕ ಹೊರಗಟ್ಟಿದರು. ಅದರ ಪೆಟ್ಟು ಕಪ್ಪು ಜನಾಂಗದ ಮಕ್ಕಳಿಗೇ ಹೆಚ್ಚಾಗಿ ಬಿದ್ದಿತು. ಅಲ್ಲಿ ಹೊರಗಟ್ಟಿದ್ದಕ್ಕೆ ಒಂದು ಕಾಗದವಾದರೂ ಉಂಟು, ಆ ಕಾಗದವನ್ನು ಹಿಡಿದು ಕೋರ್ಟಿಗೆ ಹೋಗಬಹುದು. ಇಲ್ಲಿ ಕಾಗದವೇ ಇರುವುದಿಲ್ಲ. ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿಯೇ ಇರುತ್ತದೆ; ಹುಡುಗನಿರುವುದಿಲ್ಲ.

ಖಾನಾಪುರ ತಾಲೂಕನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟುತ್ತಾಳೆ, ಮಹದಾಯಿಯೂ ಅದೇ ತಾಲೂಕಿನ ಕಾಡಿನಲ್ಲಿ ಹುಟ್ಟಿ ಗೋವೆಗೆ ಇಳಿಯುತ್ತಾಳೆ. ಅಂಥ ಮಳೆಯ ನಾಡು ಅದು. 2011ರಲ್ಲಿ ಅಭಯಾರಣ್ಯವೆಂದು ಸಾರಲ್ಪಟ್ಟ ಭೀಮಗಡದ ಸೀಮೆಯಲ್ಲಿ ಗವಾಳಿ, ಕೊಂಗಳ, ಕೃಷ್ಣಾಪುರ, ತಳೇವಾಡಿ, ಆಮಗಾಂವದಂಥ ಊರುಗಳಿವೆ. ಕಿರಿಯ ಇಯತ್ತೆಗಳಿಗೆ 1 ಕಿಲೋಮೀಟರಿನೊಳಗೂ ಆರರಿಂದ ಎಂಟನೆಯ ಇಯತ್ತೆಗೆ 3 ಕಿಲೋಮೀಟರಿನೊಳಗೂ ಶಾಲೆಯಿರಬೇಕೆಂದು ಮಾದರಿ ನಿಯಮಗಳಲ್ಲಿ ಬರೆದವರು ಆಷಾಢದಲ್ಲಿ ಈ ಊರುಗಳ ಹಳ್ಳ ದಾಟಿದವರಲ್ಲ. ಕಾಡಿನ ಮಗುವು ಮನೆಯಲ್ಲಿ ಆಡುವುದು ಕೊಂಕಣೀಮಿಶ್ರವಾದ ಮರಾಠಿ, ಪುಸ್ತಕದಲ್ಲಿರುವುದು ಬೇರೆ ಮರಾಠಿ, ಹಿರಿಯ ಶಾಲೆಗೆ ಹೋದರೆ ಕನ್ನಡ, ಮೇಲೆ ಇಂಗ್ಲಿಷು. ಮಳೆಗಾಲದಲ್ಲಿ ತಪ್ಪಿದ ಎರಡು ವಾರಗಳ ಪಾಠವು ಗಣಿತದಲ್ಲಿ ಎಂದಿಗೂ ತುಂಬಿ ಬರದ ಕುಣಿಯಾಗುತ್ತದೆ. ಮರಳಿ ಬಂದ ದಿನ ವರ್ಗದ ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆಗೆ ಅವನು ಉತ್ತರ ಕೊಡುವುದಿಲ್ಲ. ಮಾಂಡವ್ಯನ ಮೌನವನ್ನು ಭಟರು ಓದಿದಂತೆಯೇ ಈ ಮೌನವನ್ನೂ ಮೊಂಡುತನವೆಂದು ಓದಲಾಗುತ್ತದೆ. ಕಿವಿ ಹಿಡಿಸುವುದು, ಹೊರಗೆ ನಿಲ್ಲಿಸುವುದು, ಹೆತ್ತವರನ್ನು ಕರೆತಂದ ಹೊರತು ಒಳಗೆ ಬರಬೇಡವೆನ್ನುವುದು, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ತಂದೆಯು ಇಟ್ಟಂಗಿ ಭಟ್ಟಿಗೋ ಗೋವೆಯ ಕೂಲಿಗೋ ಹೋದವನು. ದಿನಗೂಲಿಯನ್ನು ಬಿಟ್ಟು ಬರಲಾರನು. ಹುಡುಗನು ಮರುದಿನ ಶಾಲೆಯ ದಾರಿ ಹಿಡಿಯುವುದಿಲ್ಲ. ಮುಖ್ಯಾಧ್ಯಾಪಕರು ಯಾರನ್ನೂ ಹೊರಹಾಕಲಿಲ್ಲ, ಕಾಯದೆಯ ಭಂಗವಾಗಲಿಲ್ಲ.

ಖಾನಾಪುರದಿಂದ ಬೆಳಗಾವಿಗೆ ರೈಲಿದೆ. ಹೊಟೇಲು, ಗ್ಯಾರೇಜು, ಗುಜರಿ ಅಂಗಡಿ, ಸಂತೆಪೇಟೆ, ಇವು ಅಂಥ ಹುಡುಗರಿಗೆ ಬೇಡವೆನ್ನದೆ ಬಾಗಿಲು ತೆರೆಯುತ್ತವೆ. ಅಲ್ಲಿ ಸಂಬಳಕ್ಕಿಂತ ಮೊದಲು ಸಹವಾಸ ದೊರೆಯುತ್ತದೆ. ಆಮೇಲಿನದನ್ನು ಪೋಲೀಸು ಠಾಣೆಯ ದಿನಚರಿ ಬರೆಯುತ್ತದೆ.

ಬೆಳಗಾವಿ ಪಟ್ಟಣದ ಶಾಲೆಗಳ ರೀತಿ ಬೇರೆ. ಅಲ್ಲಿ ಮಳೆಯ ಹಳ್ಳವಿಲ್ಲ, ಎಸ್.ಎಸ್.ಎಲ್.ಸಿ. ಫಲಿತಾಂಶವೆಂಬ ಹಳ್ಳವಿದೆ. ಶಿಕ್ಷಣದ ಹಕ್ಕು 14 ವರ್ಷಕ್ಕೆ, ಎಂಟನೆಯ ಇಯತ್ತೆಗೆ, ಮುಗಿದುಹೋಗುತ್ತದೆ. ಒಂಬತ್ತನೆಯ ಇಯತ್ತೆಯಲ್ಲಿ ಕುಂಟುವ ಹುಡುಗನನ್ನು ಹತ್ತಕ್ಕೆ ಒಯ್ದರೆ ಶಾಲೆಯ ಶೇಕಡಾವಾರು ಇಳಿಯುವುದೆಂದು ಬಲ್ಲ ಆಡಳಿತ ಮಂಡಳಿಯವರು ಅವನ ತಂದೆಯನ್ನು ಕರೆದು, ದಾಖಲೆ ಒಯ್ದರೆ ನಡತೆಯ ಕಾಲಮಿನಲ್ಲಿ ‘ಉತ್ತಮ’ ಎಂದು ಬರೆಯುವೆವು, ಇಲ್ಲವಾದರೆ ಇದ್ದುದನ್ನೇ ಬರೆಯಬೇಕಾದೀತು ಎಂದು ಮೆಲುದನಿಯಲ್ಲಿ ತಿಳಿಸುತ್ತಾರೆ. ಹತ್ತನೆಯದರ ಫಲಿತಾಂಶ ನೂರಕ್ಕೆ ನೂರು ಬರುತ್ತದೆ, ಹೂಮಾಲೆಯ ಫೋಟೋ ಅಚ್ಚಾಗುತ್ತದೆ. ಬಾಲ ನ್ಯಾಯದ ಕಾಯದೆಯಾದರೋ 18 ವರ್ಷದವರೆಗೆ ಮಗುವನ್ನು ಮಗುವೆಂದೇ ಎಣಿಸುತ್ತದೆ. ಹದಿನಾಲ್ಕರಿಂದ ಹದಿನೆಂಟರ ನಡುವಿನ ನಾಲ್ಕು ವರ್ಷ ಅವನು ತಪ್ಪು ಮಾಡಿದರೆ ಸರಕಾರಕ್ಕೆ ಮಗು, ಶಾಲೆ ಕೇಳಿದರೆ ಯಾರಿಗೂ ಮಗುವಲ್ಲ. ದೇಶದಲ್ಲಿ ಪೋಲೀಸರ ಕೈಗೆ ಸಿಕ್ಕುವ ಬಾಲಕರಲ್ಲಿ ನಾಲ್ವರಿಗೆ ಮೂವರಷ್ಟು ಜನ 16ರಿಂದ 18ರೊಳಗಿನವರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಅಚ್ಚು ಹಾಕುತ್ತಿರುವುದು ಆಶ್ಚರ್ಯವೇ? ಅವರು ಅನಾಥರೂ ಅಲ್ಲ; ಬಹುಪಾಲು ಮಂದಿ ತಂದೆತಾಯಿಗಳೊಡನೆಯೇ ಇದ್ದವರೆಂದು ಅದೇ ಪುಸ್ತಕ ಹೇಳುತ್ತದೆ.

ಈ ಜಿಲ್ಲೆಗೆ ಇನ್ನೊಂದು ಹಳೆಯ ಋಣವಿದೆ. 1871ರಲ್ಲಿ ಹುಟ್ಟಿ 1911, 1924ರಲ್ಲಿ ಬಿಗಿಗೊಂಡ ಅಪರಾಧಿ ಬುಡಕಟ್ಟುಗಳ ಕಾಯದೆಯು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಜೋರಾಗಿ ನಡೆಯಿತು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟು’ಗಳಾದವು. ಆರು ವರ್ಷ ಮೀರಿದ ಮಗುವನ್ನು ತಂದೆತಾಯಿಗಳಿಂದ ಅಗಲಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನು ಆ ಕಾಯದೆಯು ಸರಕಾರಕ್ಕೆ ಕೊಟ್ಟಿತ್ತು. ಶಾಲೆಗೂ ಸೆರೆಮನೆಗೂ ನಡುಗೋಡೆಯೇ ಇಲ್ಲದ ವ್ಯವಸ್ಥೆಯದು. 1952ರಲ್ಲಿ ಕಾಯದೆ ಹೋಯಿತು, ಹೆಸರು ಹೋಗಲಿಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ ‘ಗಂಟಿಚೋರ’ ಎಂಬ ಹೆಸರಿದೆ. ಶಿಷ್ಯವೇತನದ ಅರ್ಜಿಯ ದಿನ ಆ ಹೆಸರನ್ನು ತುಂಬಿದ ವರ್ಗದಲ್ಲಿ ಗಟ್ಟಿಯಾಗಿ ಓದಿದ ಮೇಲೆ, ಮರುವಾರ ಯಾರದೋ ಪೆನ್ನು ಕಳೆದರೆ ಯಾರ ಚೀಲವನ್ನು ಮೊದಲು ಝಡತಿ ಮಾಡುವರೆಂಬುದನ್ನು ಹೇಳಬೇಕೆ? ಸರಕಾರವು ಹುಟ್ಟುವಾಗಲೇ ಚೋರನೆಂದು ಹೆಸರಿಟ್ಟ ಮಗುವು, ತಾನು ಚೋರನಲ್ಲವೆಂದು ದಿನವೂ ಸಿದ್ಧಮಾಡಬೇಕು. ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನೂ ಕುಂಪಣಿ ಸರಕಾರದ ಕಣ್ಣಿನಲ್ಲಿ ಅಪರಾಧಿಯೇ ಆಗಿದ್ದನು. ಸರಕಾರೀ ದಫ್ತರದ ಹೆಸರುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಈ ಸೀಮೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಸುಶಿಕ್ಷಿತ ಮನೆಗಳ ಮಕ್ಕಳು ತಪ್ಪು ಮಾಡುವುದಿಲ್ಲವೆ? ಅವರೂ ಕಿಟಕಿಯ ಗಾಜು ಒಡೆಯುತ್ತಾರೆ, ಸಹಪಾಠಿಯ ಮೂಗು ಒಡೆಯುತ್ತಾರೆ, ಮೋಟಾರ ಸೈಕಲ್ಲನ್ನು ಲೈಸೆನ್ಸಿಲ್ಲದೆ ಓಡಿಸುತ್ತಾರೆ. ಆಗ ತಂದೆಯು ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕುಳಿತು ಚಹ ಕುಡಿದು ವಿಷಯವನ್ನು ಮುಗಿಸುತ್ತಾನೆ, ಅದು ‘ಹುಡುಗಾಟಿಕೆ’. ಅದೇ ಗಾಜನ್ನು ಕೂಲಿಕಾರನ ಮಗ ಒಡೆದರೆ ಅದು ‘ನಡತೆ’. ವಕೀಲರೂ ವೈದ್ಯರೂ ಪ್ರಾಧ್ಯಾಪಕರೂ ತಮ್ಮ ಮಕ್ಕಳಿಗೆ ಕೇಳಿ ಪಡೆಯುವ ಕ್ಷಮೆಯನ್ನು ಪರರ ಮಕ್ಕಳಿಗೆ ಶಿಸ್ತಿನ ಹೆಸರಿನಲ್ಲಿ ನಿರಾಕರಿಸುವುದು ಯಾವ ನ್ಯಾಯ? ಛಡಿ ಮರಳಿ ಬರಲಿ ಎನ್ನುವವರಾರೂ ಅದು ತಮ್ಮ ಮಗನ ಅಂಗೈಗೆ ಬರಲಿ ಎನ್ನುವುದಿಲ್ಲ.

ಎಲ್ಲಕ್ಕಿಂತ ಕ್ರೂರವಾದ ಸಂಗತಿಯೊಂದಿದೆ. ಅದನ್ನು ಶಾಲೆಯವರು ಸಹ ಬಹಳ ಜನ ಬಲ್ಲವರಲ್ಲ. 2015ರ ಬಾಲ ನ್ಯಾಯ ಅಧಿನಿಯಮದ ಪ್ರಕಾರ ಹಿಡಿಯಲ್ಪಟ್ಟ ಬಾಲಕನನ್ನು ಲಾಕಪ್ಪಿನಲ್ಲಿಯೂ ಜೈಲಿನಲ್ಲಿಯೂ ಇಡಕೂಡದು, 24 ತಾಸಿನೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಆದರೆ ಅವನು ಬಾಲಕನೆಂದು ತೋರಿಸುವ ಬಗೆ ಹೇಗೆ? 94ನೆಯ ಕಲಮು ಮೊದಲು ಕೇಳುವುದೇ ಶಾಲೆಯ ಜನ್ಮದಿನಾಂಕದ ದಾಖಲೆಯನ್ನು, ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯತಿಯ ಜನನಪತ್ರ. ಅದೂ ಇಲ್ಲದಿದ್ದರೆ ಎಲುಬಿನ ಪರೀಕ್ಷೆ. ಎಲುಬು ಹೇಳುವ ವಯಸ್ಸಿನಲ್ಲಿ ಎರಡು ವರ್ಷ ಆಚೀಚೆಯಾಗುವುದುಂಟೆಂದು ವೈದ್ಯರೇ ಒಪ್ಪುತ್ತಾರೆ. ಕಾಡಿನ ಮನೆಯಲ್ಲಿ ಹುಟ್ಟಿ, ಜನನ ನೋಂದಣಿಯಾಗದೆ, ಶಾಲೆಯನ್ನು ಅರ್ಧಕ್ಕೆ ಬಿಟ್ಟು ದಾಖಲೆ ಪಡೆಯದೆ ಹೋದ ಹದಿನೇಳರ ಹುಡುಗನಿಗೆ ಆ ಎರಡು ವರ್ಷವೆಂದರೆ ವೀಕ್ಷಣಾಲಯಕ್ಕೂ ಹಿಂಡಲಗಾ ಜೈಲಿಗೂ ಇರುವ ಅಂತರ. ಅವನನ್ನು ಓಡಿಸಿದ ಶಾಲೆಯ ಕಪಾಟಿನಲ್ಲಿಯೇ, ಧೂಳು ಹಿಡಿದ ದಾಖಲಾತಿ ರಜಿಸ್ಟರಿನಲ್ಲಿ, ಅವನ ಜನ್ಮದಿನಾಂಕವಿರುತ್ತದೆ. ಅದನ್ನು ತೆಗೆದು ಕೊಡುವವರಿರುವುದಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಘೋರವಲ್ಲದ ಅಪರಾಧಗಳಲ್ಲಿ, ವಯಸ್ಕರ ಜೊತೆಗೂಡಿ ಮಾಡಿದ್ದಲ್ಲವಾದರೆ, ಪೋಲೀಸರು ಪ್ರಥಮ ವರದಿಯನ್ನೇ ದಾಖಲಿಸಬಾರದು, ಬಾಲಕನ ಸಾಮಾಜಿಕ ಹಿನ್ನೆಲೆಯನ್ನು ಬರೆದು ಮಂಡಳಿಗೆ ಕಳಿಸಬೇಕೆಂದು 2016ರ ಮಾದರಿ ನಿಯಮಗಳಲ್ಲಿದೆ. ಸಾಮಾಜಿಕ ತನಿಖೆಯ ನಮೂನೆಯಲ್ಲಿ ಶಾಲೆ ಬಿಟ್ಟ ಕಾರಣವನ್ನು ಗುರುತು ಮಾಡುವ ಒಂದು ಪಟ್ಟಿ ಇದೆ. ನಪಾಸಾದುದು, ಮಾಸ್ತರರ ಅಲಕ್ಷ್ಯ, ಶಾಲೆಯಲ್ಲಿ ಆದ ಅವಮಾನ, ಹೊಡೆತ, ಹತ್ತಿರ ಶಾಲೆಯಿಲ್ಲದಿರುವುದು, ಕಲಿಸುವ ಭಾಷೆ, ಸಂಸಾರಕ್ಕಾಗಿ ದುಡಿಯಬೇಕಾದುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಅಂದರೆ ಹುಡುಗರು ಯಾವ ದಾರಿಯಿಂದ ಮಂಡಳಿಯ ಮೆಟ್ಟಿಲಿಗೆ ಬರುತ್ತಾರೆಂಬುದು ಸರಕಾರಕ್ಕೆ ಗೊತ್ತಿದೆ. ಅಚ್ಚು ಹಾಕಿಸಿಯೂ ಇಟ್ಟಿದೆ. ಆ ಪ್ರಶ್ನೆಯನ್ನು ಹುಡುಗನಿಗೆ ಮೊದಲ ಬಾರಿಗೆ ಕೇಳುವುದು ಅಪರಾಧದ ಬಳಿಕ. ಶಾಲೆ ಬಿಟ್ಟ ಮೊದಲ ವಾರದಲ್ಲಿ ಅದನ್ನು ಕೇಳಲು ಯಾರೂ ಬರಲಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತೆಂಬುದನ್ನೂ ನೆನೆಯಬೇಕು. ಇಲಾಖೆಯು ಮಾಡುತ್ತಿದ್ದರೆ ನ್ಯಾಯಾಲಯಕ್ಕೆ ಆ ಕೆಲಸ ಬೀಳುತ್ತಿರಲಿಲ್ಲ.

ಮಾಸ್ತರರ ಕಷ್ಟವನ್ನು ಅರಿಯದೆ ಬರೆದ ಮಾತೆಂದು ಕೆಲವರು ಆಕ್ಷೇಪಿಸಬಹುದು. ಅರುವತ್ತು ಹುಡುಗರ ವರ್ಗ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಇವುಗಳ ನಡುವೆ ತಾಳ್ಮೆ ತಪ್ಪುವುದು ಸಹಜವೇ. ಆದರೆ ತಾಳ್ಮೆ ತಪ್ಪಿದ್ದನ್ನು ತತ್ತ್ವವೆಂದು ಸಾರುವುದು ಸಹಜವಲ್ಲ. ಆ ಮಾಸ್ತರರು ಕೇಳಬೇಕಾದುದು ಎರಡನೆಯ ಮಾಸ್ತರನನ್ನು, ಕೇಳುತ್ತಿರುವುದು ಛಡಿಯನ್ನು. ಛಡಿಗೆ ಸರಕಾರ ಖರ್ಚು ಮಾಡಬೇಕಾಗಿಲ್ಲವಾದ್ದರಿಂದ ಆ ಬೇಡಿಕೆಯನ್ನು ಕೇಳಿಸಿಕೊಂಡವರು ಸುಮ್ಮನೆ ಮುಗುಳ್ನಗುತ್ತಾರೆ.

ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ಬೆಳಗಾವಿಯ ಆಡಳಿತ ಮಂಡಳಿಗಳು ಕಳೆದ ವರ್ಷ ಒಂಬತ್ತನೆಯ ಇಯತ್ತೆಯಿಂದ ದಾಖಲೆ ಒಯ್ದ ಹುಡುಗರ ಪಟ್ಟಿಯನ್ನು ಫಲಿತಾಂಶದ ಫೋಟೋದ ಪಕ್ಕದಲ್ಲಿಯೇ ತೂಗುಹಾಕಲಿ. ಖಾನಾಪುರದ ಪ್ರತಿಯೊಂದು ಶಾಲೆಯೂ ಹಾಜರಿಯಲ್ಲಿದ್ದು ವರ್ಗದಲ್ಲಿಲ್ಲದವರ ಜನ್ಮದಿನಾಂಕದ ಪ್ರತಿಯನ್ನು, ಅವರು ಕೇಳಲಿ ಕೇಳದಿರಲಿ, ಮಳೆ ಹಿಡಿಯುವ ಮೊದಲು ಅವರ ಮನೆಗೆ ಮುಟ್ಟಿಸಲಿ. ಅದನ್ನು ಒಯ್ದ ಮಾಸ್ತರರು ಜಗಲಿಯ ಮೇಲೆ ಅರ್ಧ ತಾಸು ಕುಳಿತು, ಆ ಹುಡುಗ ಏಕೆ ಬರುತ್ತಿಲ್ಲವೆಂದು ಅವನ ತಾಯಿಯನ್ನು ಕೇಳಲಿ.